ಬಿಸಿಯೊಂದಿಗೆ ಬರುವ ಗಾಯ

2016ರ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದುಬಿತ್ತು. ಸಮುದ್ರಮಟ್ಟದಿಂದ 19 ಸಾವಿರ ಅಡಿಗೂ ಎತ್ತರದ ಜಾಗ. ಠಾಣೆಯಲ್ಲಿದ್ದ ಹತ್ತೂ ಮಂದಿ ಹೂತುಹೋದರು. ಅವರಲ್ಲಿ ಮೂವರು ಕನ್ನಡನಾಡಿನವರು: ಹಾಸನದ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ್, ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಮತ್ತು ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಪಿ.ಎನ್. ಮಹೇಶ್.

ನಮ್ಮ ಸೀಮೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕುಗಳಲ್ಲಿ ಚಳಿ ಎಂದರೆ ಮಾಗಿಯ ಚಳಿ. ಪುಷ್ಯ ಮಾಸದ ಬೆಳಗಿನಲ್ಲಿ ಕಾಡಂಚಿನ ಊರುಗಳಲ್ಲಿ ಮಂಜು ಕವಿಯುತ್ತದೆ, ಒಲೆಯ ಮುಂದೆ ಕೂತು ಕೈ ಕಾಯಿಸಿಕೊಂಡರೆ ಎಂಟು ಗಂಟೆಯ ಬಿಸಿಲಿಗೆ ಎಲ್ಲ ಸರಿಹೋಗುತ್ತದೆ. ಅಂಥ ಸೀಮೆಯ ಹುಡುಗ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಕಾವಲು ನಿಂತಿದ್ದ. ಅವನ ದೇಹಕ್ಕೆ ಆ ಚಳಿ ಏನು ಮಾಡುತ್ತದೆ ಎಂಬ ಪ್ರಶ್ನೆ ನಮ್ಮ ಸೀಮೆಗೆ ದೂರದ್ದಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆ ವಾರ.

ಆರನೆಯ ದಿನ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಇಪ್ಪತ್ತೈದು ಅಡಿಗೂ ಹೆಚ್ಚು ಆಳದ ಹಿಮದ ಅಡಿಯಲ್ಲಿ, ಇನ್ನೂ ಉಸಿರಾಡುತ್ತ. ದೇಶವೆಲ್ಲ ಅವರಿಗಾಗಿ ಹರಕೆ ಹೊತ್ತಿತು. ದೆಹಲಿಯ ಸೇನಾ ಆಸ್ಪತ್ರೆ ಹೊರಡಿಸಿದ ಪ್ರಕಟಣೆಯಲ್ಲಿ ಒಂದು ವಿಚಿತ್ರವಾದ ಎಚ್ಚರಿಕೆಯಿತ್ತು. ಹಿಮಕಡಿತವಾಗಲಿ ಮೂಳೆ ಮುರಿತವಾಗಲಿ ಇಲ್ಲ, ಆದರೂ ಮುಂದಿನ 24ರಿಂದ 48 ಗಂಟೆ ಬಹಳ ಕಷ್ಟದ ಹೊತ್ತು ಎಂದು ವೈದ್ಯರು ಹೇಳಿದ್ದರು. ಅದಕ್ಕೆ ಅವರು ಕೊಟ್ಟ ಕಾರಣ: ದೇಹ ಮತ್ತೆ ಬಿಸಿಯಾಗುವುದರಿಂದ, ತಣ್ಣಗಾಗಿದ್ದ ಅಂಗಗಳಿಗೆ ರಕ್ತ ಮತ್ತೆ ಹರಿಯುವುದರಿಂದ ಉಂಟಾಗುವ ತೊಡಕುಗಳು.

ಪತ್ರಿಕೆಯಲ್ಲಿ ಅದನ್ನು ಓದಿದವರಿಗೆ ಗೊಂದಲವಾಗಿದ್ದರೆ ಆಶ್ಚರ್ಯವಿಲ್ಲ. ಚಳಿಯಿಂದ ಬಂದವನಿಗೆ ಬಿಸಿ ಬೇಕು, ರಕ್ತ ಹರಿಯಬೇಕು. ಅದೇ ಔಷಧ, ಅದೇ ಅಪಾಯ ಎಂದರೆ ಹೇಗೆ? ಹನುಮಂತಪ್ಪ ಫೆಬ್ರುವರಿ 11ರಂದು ತೀರಿಕೊಂಡರು. ನ್ಯುಮೋನಿಯಾ ಇತ್ತು, ಮೂತ್ರಪಿಂಡ ಮತ್ತು ಯಕೃತ್ತು ಕೈಕೊಟ್ಟಿದ್ದವು, ಕೊನೆಗೆ ಒಂದರ ಹಿಂದೊಂದು ಅಂಗ ಸೋತವು. ಅವರ ಸಾವಿಗೆ ಒಂದೇ ಕಾರಣವನ್ನು ಹೆಸರಿಸುವುದು ತಪ್ಪಾಗುತ್ತದೆ. ಆದರೆ ಪ್ರಕಟಣೆಯ ಆ ಸಾಲಿನ ಹಿಂದೆ ಇನ್ನೂರು ವರ್ಷಗಳ ಹುಡುಕಾಟವಿದೆ. ಆ ಹುಡುಕಾಟದ ಒಂದು ಎಳೆ ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಬೆಳೆಯುವ ಗಿಡವೊಂದರ ಮೂಲಕವೇ ಹಾದುಹೋಗುತ್ತದೆ.

ಬಿಸಿಯ ಈ ಅಪಾಯವನ್ನು ಮೊದಲು ಗಮನಿಸಿದವನು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡಾಮಿನಿಕ್ ಜಾನ್ ಲಾರೇ. 1807ರ ಫೆಬ್ರುವರಿಯಲ್ಲಿ ಪೂರ್ವ ಪ್ರಶ್ಯದ ಐಲೌ ಎಂಬಲ್ಲಿ ಘೋರ ಯುದ್ಧ ನಡೆಯಿತು. ಹಿಂದಿನ ದಿನಗಳ ಕೊರೆಯುವ ಚಳಿಯಲ್ಲಿ ಸೈನಿಕರು ಹಿಮದ ಮೇಲೆಯೇ ನಿಂತಿದ್ದರು, ಮಲಗಿದ್ದರು. ಆಗ ಕಾಲು ನೋವೆಂದು ದೂರಿದವರು ಇಲ್ಲವೆನ್ನುವಷ್ಟು ಕಡಿಮೆ. ಯುದ್ಧ ಮುಗಿದ ಮೇಲೆ ಒಂದು ರಾತ್ರಿ ಗಾಳಿ ತಿರುಗಿ, ಹಿಮ ಕರಗತೊಡಗಿತು. ಬೆಳಗಾಗುವಷ್ಟರಲ್ಲಿ ಸಾಲುಗಟ್ಟಿ ಬಂದರು. ಕಾಲು ಚುಚ್ಚುತ್ತದೆ, ಜೋಮು ಹಿಡಿದಿದೆ, ಭಾರವಾಗಿದೆ ಎಂದರು. ಬೆಂಕಿಯ ಹತ್ತಿರ ಹೋಗಿ ಕೂತವರ ಬೆರಳುಗಳು ಎಲ್ಲರಿಗಿಂತ ಬೇಗ ಕಪ್ಪಾದವು.

ಲಾರೇ ಇದನ್ನು ತನ್ನ ಸೇನಾವೈದ್ಯಕೀಯ ನೆನಪುಗಳಲ್ಲಿ ಬರೆದಿಟ್ಟ. ಚಳಿ ದೇಹವನ್ನು ಗಾಯಕ್ಕೆ ಅಣಿಗೊಳಿಸುತ್ತದೆ ಅಷ್ಟೆ, ಗಾಯ ಆಗುವುದು ಬಿಸಿ ಮರಳಿದಾಗ ಎಂಬುದು ಅವನ ತೀರ್ಮಾನ. ಆ ತೀರ್ಮಾನದಿಂದ ಅವನು ಕೊಟ್ಟ ಸಲಹೆ ಮಾತ್ರ ಮುಂದೆ ಸಾವಿರಾರು ಜನರ ಬೆರಳುಗಳನ್ನು ತೆಗೆದುಕೊಂಡಿತು. ಬಿಸಿ ಕೆಟ್ಟದ್ದಾದರೆ ಬಿಸಿಯನ್ನು ತಡೆಯಬೇಕು, ಹೆಪ್ಪುಗಟ್ಟಿದ ಕೈಕಾಲನ್ನು ಹಿಮದಿಂದಲೇ ಉಜ್ಜಿ ನಿಧಾನವಾಗಿ ಸರಿಪಡಿಸಬೇಕು ಎಂದ. ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಯುರೋಪಿನ ಸೇನೆಗಳು ಇದನ್ನೇ ನಂಬಿದವು. ನೋಡಿದ್ದು ಸರಿ, ಸಲಹೆ ತಪ್ಪು. ವೈದ್ಯಕೀಯದ ಚರಿತ್ರೆಯಲ್ಲಿ ಇಂಥ ಉದಾಹರಣೆಗಳು ಬೇರೆಯೂ ಇವೆ, ಆದರೆ ಇಷ್ಟು ದೀರ್ಘಕಾಲ ಬಾಳಿದ್ದು ಅಪರೂಪ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಫ್ಯೂರ್‌ಮನ್ ಮತ್ತು ಕ್ರಿಸ್ಮನ್ ಎಂಬ ಇಬ್ಬರು ಮೊಲಗಳ ಮೇಲೆ ಪ್ರಯೋಗ ಮಾಡಿದರು. 1947ರ ಅವರ ವರದಿಗಳ ಪ್ರಕಾರ, ಹೆಪ್ಪುಗಟ್ಟಿದ ಅಂಗವನ್ನು ಬೆಚ್ಚಗಿನ ನೀರಿನಲ್ಲಿ ಬೇಗ ಕರಗಿಸಿದರೆ ಹೆಚ್ಚು ಭಾಗ ಉಳಿಯುತ್ತದೆ. 1960ರ ಸುಮಾರಿಗೆ ಅಲಾಸ್ಕದ ಮೂಳೆವೈದ್ಯ ವಿಲಿಯಂ ಮಿಲ್ಸ್ ಅದನ್ನು ರೋಗಿಗಳ ಮೇಲೆ ಮಾಡಿ ತೋರಿಸಿದರು. ಇಂದು ಪರ್ವತಾರೋಹಿಗಳ ವೈದ್ಯಕೀಯ ಕೈಪಿಡಿಗಳು ಹೇಳುವುದೂ ಅದನ್ನೇ: 37ರಿಂದ 39 ಡಿಗ್ರಿಯ ನೀರು, ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು, ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಲೇಬಾರದು. ಮರಗಟ್ಟಿದ ಕಾಲಿಗೆ ಸುಡುವುದು ತಿಳಿಯುವುದಿಲ್ಲ, ಆದ್ದರಿಂದ ಬೆಂಕಿ ಅಪಾಯ. ನಿಧಾನವಾಗಿ ಕರಗಿಸಿದರೆ ಸಣ್ಣ ಹಿಮದ ಹರಳುಗಳು ಒಂದಕ್ಕೊಂದು ಕೂಡಿ ದೊಡ್ಡವಾಗಿ ಜೀವಕೋಶಗಳನ್ನು ಸೀಳುತ್ತವೆ.

ಇಷ್ಟಾದರೂ ಲಾರೇ ಕಂಡ ಒಗಟು ಹಾಗೇ ಉಳಿಯಿತು. ಬೇಗ ಕರಗಿಸಿದ ಬೆರಳು ಮೊದಲ ಕೆಲವು ಗಂಟೆ ಚೆನ್ನಾಗಿಯೇ ಕಾಣುತ್ತದೆ. ಕೆಂಪೇರುತ್ತದೆ, ರಕ್ತ ಹರಿಯುತ್ತದೆ. ಆಮೇಲೆ ಊದಿಕೊಳ್ಳುತ್ತದೆ, ಗುಳ್ಳೆ ಏಳುತ್ತದೆ, ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪಾಗುತ್ತದೆ, ಬೆರಳು ಸಾಯುತ್ತದೆ. ಹಿಮದ ಹರಳು ಕರಗಿಹೋಗಿದೆ. ಹಾಗಾದರೆ ಈಗ ಕೊಲ್ಲುತ್ತಿರುವವರು ಯಾರು?

ಉತ್ತರ ಸಿಕ್ಕಿದ್ದು ಚಳಿಗೆ ಸಂಬಂಧವೇ ಇಲ್ಲದ ಕಡೆಗಳಲ್ಲಿ.

1894ರಲ್ಲಿ ಇಂಗ್ಲೆಂಡಿನ ಹೆನ್ರಿ ಫೆಂಟನ್ ಎಂಬ ರಸಾಯನಶಾಸ್ತ್ರಜ್ಞ ಟಾರ್ಟಾರಿಕ್ ಆಮ್ಲದ ಬಗ್ಗೆ ಒಂದು ಲೇಖನ ಪ್ರಕಟಿಸಿದ. ನಮ್ಮ ಹುಣಸೆಹಣ್ಣಿನ ಹುಳಿಯಲ್ಲಿರುವುದು ಅದೇ ಆಮ್ಲ. ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ಒಂದು ಚೂರು ಕಬ್ಬಿಣದ ಲವಣ ಹಾಕಿದರೆ ಸಾಕು, ಆಮ್ಲ ಬೇರೊಂದು ವಸ್ತುವಾಗಿ ಬದಲಾಗುತ್ತದೆ. ಕಬ್ಬಿಣ ಅಷ್ಟು ಸ್ವಲ್ಪವೇ ಇದ್ದರೂ ಅದರ ಕೆಲಸ ಬಹಳ ದೊಡ್ಡದು. ಈ ಕ್ರಿಯೆಯಲ್ಲಿ ಹುಟ್ಟುವುದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತಿ ಉಗ್ರ ಕಣ ಎಂಬುದು ತಿಳಿಯಲು ಇನ್ನೂ ನಾಲ್ಕು ದಶಕ ಬೇಕಾಯಿತು. ಪ್ರಯೋಗಶಾಲೆಯ ಬಾಟಲಿಯಲ್ಲಿ ಮಾತ್ರ ಇಂಥದ್ದು ನಡೆಯುತ್ತದೆ, ಜೀವಂತ ದೇಹದೊಳಗೆ ನಡೆಯಲಾರದು ಎಂಬುದು ಆಗಿನವರ ನಂಬಿಕೆ.

ಆ ನಂಬಿಕೆಯನ್ನು ಮೊದಲು ಅಲುಗಾಡಿಸಿದವಳು ಅರ್ಜೆಂಟೀನದ ರೆಬೆಕಾ ಗೆರ್ಶ್‌ಮನ್. ಅಮೆರಿಕದ ರೋಚೆಸ್ಟರ್‌ನಲ್ಲಿ ಕೆಲಸ ಮಾಡುತ್ತಿದ್ದ ಆಕೆ ಇಲಿಗಳಿಗೆ ಒತ್ತಡದ ಆಮ್ಲಜನಕ ಕೊಟ್ಟಳು, ಎಕ್ಸ್-ಕಿರಣವನ್ನೂ ಹಾಯಿಸಿದಳು. ಎರಡೂ ಸೇರಿದಾಗ ಇಲಿಗಳು ಬೇಗ ಸಾಯುತ್ತಿದ್ದವು. ಕಿರಣದಿಂದ ಕಾಪಾಡುವ ವಸ್ತುಗಳು ಆಮ್ಲಜನಕದಿಂದಲೂ ಕಾಪಾಡುತ್ತಿದ್ದವು. ಎರಡರ ವಿಷವೂ ಒಂದೇ ದಾರಿಯಲ್ಲಿ ಬರುತ್ತದೆ, ಆ ದಾರಿ ಆಮ್ಲಜನಕದಿಂದ ಹುಟ್ಟುವ ರ‍್ಯಾಡಿಕಲ್‌ಗಳು ಎಂದು 1954ರಲ್ಲಿ ಆಕೆ ಮತ್ತು ಸಹೋದ್ಯೋಗಿಗಳು ಬರೆದರು. ಉಸಿರೇ ವಿಷವಾಗಬಲ್ಲದು ಎಂಬ ಈ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಗೆರ್ಶ್‌ಮನ್ ಹೆಸರು ಇಂದಿಗೂ ಅದಕ್ಕೆ ಸಲ್ಲಬೇಕಾದಷ್ಟು ಪ್ರಸಿದ್ಧವಾಗಿಲ್ಲ ಎಂಬುದು ನನ್ನ ಕೊರಗು.

ಮುಂದಿನ ಹೆಜ್ಜೆ ನನಗೆ ಈ ಇಡೀ ಕತೆಯಲ್ಲೇ ಅತ್ಯಂತ ಇಷ್ಟವಾದದ್ದು. 1938ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಾನ್ ಮತ್ತು ಕೈಲಿನ್ ಎಂಬ ವಿಜ್ಞಾನಿಗಳು ದನದ ರಕ್ತದಿಂದ ನೀಲಿ ಛಾಯೆಯ ಪ್ರೋಟೀನೊಂದನ್ನು ಬೇರ್ಪಡಿಸಿದ್ದರು. ಅದರಲ್ಲಿ ತಾಮ್ರವಿತ್ತು. ಅದಕ್ಕೆ ಹಿಮೋಕ್ಯೂಪ್ರೀನ್ ಎಂದು ಹೆಸರಿಟ್ಟರು. ಅದರ ಕೆಲಸ ಏನೆಂದು ಯಾರಿಗೂ ಗೊತ್ತಾಗಲಿಲ್ಲ. ದೇಹ ತಾಮ್ರವನ್ನು ಕೂಡಿಡಲು ಮಾಡಿಕೊಂಡ ಉಗ್ರಾಣವಿರಬೇಕು ಎಂದುಕೊಂಡು ಮೂವತ್ತು ವರ್ಷ ಅದನ್ನು ಬದಿಗಿಟ್ಟರು.

1960ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಅರ್ವಿನ್ ಫ್ರಿಡೊವಿಚ್ ಅವರ ಬಳಿ ಜೋ ಮೆಕಾರ್ಡ್ ಎಂಬ ಸಂಶೋಧನಾ ವಿದ್ಯಾರ್ಥಿಯಿದ್ದ. ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವದ ಒಂದು ಕ್ರಿಯೆಯನ್ನು ಅವನು ಪರಿಶೀಲಿಸುತ್ತಿದ್ದ. ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಬೇರೊಂದು ಪ್ರೋಟೀನ್ ಸೇರಿಸಿದರೆ ಆ ಕ್ರಿಯೆ ನಿಲ್ಲುತ್ತಿತ್ತು. ಏಕೆಂದು ತಿಳಿಯಲು ಆ ಪ್ರೋಟೀನನ್ನು ಮತ್ತಷ್ಟು ಶುದ್ಧಮಾಡಿದ. ಶುದ್ಧವಾದ ಪ್ರೋಟೀನಿಗೆ ಕ್ರಿಯೆಯನ್ನು ನಿಲ್ಲಿಸುವ ಶಕ್ತಿಯೇ ಇರಲಿಲ್ಲ. ಅಂದರೆ ನಿಲ್ಲಿಸುತ್ತಿದ್ದದ್ದು ಅದರೊಳಗೆ ಸೇರಿಕೊಂಡಿದ್ದ ಕಲ್ಮಶ! ಬೇರೆಯವರಾದರೆ ಆ ಕಲ್ಮಶವನ್ನು ಚೆಲ್ಲಿ ಮುಂದೆ ಹೋಗುತ್ತಿದ್ದರು. ಮೆಕಾರ್ಡ್ ಅದರ ಬೆನ್ನುಹತ್ತಿದ. ಅದು ಮಾನ್ ಮತ್ತು ಕೈಲಿನ್ ಕಂಡಿದ್ದ ಅದೇ ತಾಮ್ರದ ಪ್ರೋಟೀನ್.

ಅದರ ಕೆಲಸ ಈಗ ಬಯಲಾಯಿತು. ಆಮ್ಲಜನಕದ ಅಣುವಿಗೆ ನಾಲ್ಕು ಎಲೆಕ್ಟ್ರಾನುಗಳು ಒಟ್ಟಿಗೆ ದಕ್ಕಿದರೆ ಅದು ನೀರಾಗುತ್ತದೆ. ನಮ್ಮ ಜೀವಕೋಶಗಳು ಉಸಿರನ್ನು ಬಳಸುವುದು ಹೀಗೆ. ಒಂದೇ ಒಂದು ದಕ್ಕಿದರೆ ಅದು ಸೂಪರ್‌ಆಕ್ಸೈಡ್ ಎಂಬ ರ‍್ಯಾಡಿಕಲ್ ಆಗುತ್ತದೆ. ತಾಮ್ರದ ಪ್ರೋಟೀನ್ ಎರಡು ಸೂಪರ್‌ಆಕ್ಸೈಡ್‌ಗಳನ್ನು ಹಿಡಿದು ಒಂದನ್ನು ಆಮ್ಲಜನಕವಾಗಿ, ಇನ್ನೊಂದನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಅದಕ್ಕೆ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂದು ಹೆಸರು ಕೊಟ್ಟರು. ಚಿಕ್ಕದಾಗಿ ಎಸ್‌ಒಡಿ.

ಇದರ ಅರ್ಥ ದೊಡ್ಡದು. ಆಮ್ಲಜನಕ ಬಳಸುವ ಜೀವಿಗಳು ಸೂಪರ್‌ಆಕ್ಸೈಡನ್ನು ಹಿಡಿಯಲೆಂದೇ ಒಂದು ಕಿಣ್ವ ಇಟ್ಟುಕೊಂಡಿವೆ ಎಂದರೆ, ಅದು ಅವುಗಳ ದೇಹದೊಳಗೆ ದಿನವೂ ಹುಟ್ಟುತ್ತಿದೆ ಎಂದೇ ಅಲ್ಲವೇ? ಕಾವಲುಗಾರ ಇದ್ದಾನೆಂದರೆ ಕಳ್ಳನೂ ಇರಬೇಕು. ಹುಟ್ಟುವ ರ‍್ಯಾಡಿಕಲ್‌ಗಳು ಕಾವಲಿನ ಅಳವಿಗೆ ಮೀರಿದಾಗ ಏನಾಗುತ್ತದೋ ಅದನ್ನೇ ಇಂದು ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ, ಉತ್ಕರ್ಷಣ ಒತ್ತಡ. ಆಗ ಮೊದಲು ಕೆಡುವುದು ಜೀವಕೋಶದ ಪೊರೆಯ ಕೊಬ್ಬು. ಮುಚ್ಚಳ ತೆರೆದಿಟ್ಟ ಕಡಲೆಕಾಯಿ ಎಣ್ಣೆ ಕಮಟಾಗುವುದು ಯಾವ ಕ್ರಿಯೆಯಿಂದಲೋ ಅದೇ ಸರಪಳಿ ಕ್ರಿಯೆ ಪೊರೆಯಲ್ಲಿ ನಡೆಯುತ್ತದೆ. ಒಂದು ಕೊಬ್ಬಿನ ಅಣು ಕೆಟ್ಟು ಪಕ್ಕದ್ದನ್ನು ಕೆಡಿಸುತ್ತದೆ, ಅದು ಮುಂದಿನದನ್ನು.

ಇಲ್ಲಿಂದ ಚಳಿಗೆ ಮರಳುವ ದಾರಿ ಬೆಕ್ಕಿನ ಕರುಳಿನ ಮೂಲಕ. 1981ರಲ್ಲಿ ಗ್ರೇಂಜರ್, ರುಟಿಲಿ ಮತ್ತು ಅದೇ ಮೆಕಾರ್ಡ್ ಬೆಕ್ಕಿನ ಕರುಳಿಗೆ ಹರಿಯುವ ರಕ್ತವನ್ನು ಕೆಲಕಾಲ ತಗ್ಗಿಸಿ ಮತ್ತೆ ಬಿಟ್ಟರು. ಸಣ್ಣ ರಕ್ತನಾಳಗಳು ಸೋರತೊಡಗಿದವು. ಮೊದಲೇ ಎಸ್‌ಒಡಿ ಕೊಟ್ಟಿದ್ದರೆ ಸೋರಿಕೆ ಬಹುಮಟ್ಟಿಗೆ ನಿಂತಿತು. ಕೆಲವು ವರ್ಷಗಳ ನಂತರ ಪಾರ್ಕ್ಸ್ ಮತ್ತು ಗ್ರೇಂಜರ್ ಇನ್ನೂ ಚುರುಕಾದ ಪ್ರಯೋಗವೊಂದನ್ನು ಮಾಡಿದರು. ಕರುಳಿಗೆ ನಾಲ್ಕು ಗಂಟೆ ರಕ್ತ ತಡೆದರೆ ಆಗುವ ಹಾನಿ ಒಂದು ಕಡೆ. ಮೂರು ಗಂಟೆ ತಡೆದು, ನಾಲ್ಕನೆಯ ಗಂಟೆ ರಕ್ತ ಹರಿಯಬಿಟ್ಟರೆ ಆಗುವ ಹಾನಿ ಇನ್ನೊಂದು ಕಡೆ. ಎರಡನೆಯದೇ ಹೆಚ್ಚು! ರಕ್ತ ಮರಳಿದ ಆ ಒಂದು ಗಂಟೆ, ರಕ್ತವಿಲ್ಲದ ಒಂದು ಗಂಟೆಗಿಂತ ಹೆಚ್ಚು ಕೇಡು ಮಾಡಿತ್ತು.

ಐಲೌ ರಣರಂಗದಲ್ಲಿ ಲಾರೇ ಕಂಡದ್ದು ಇದನ್ನೇ. ರಕ್ತವಿಲ್ಲದಿದ್ದಾಗ ಜೀವಕೋಶದ ಶಕ್ತಿಯ ಅಣುಗಳು ಒಡೆದು ಹೈಪೊಕ್ಸಾಂಥೀನ್ ಎಂಬ ವಸ್ತುವಾಗಿ ರಾಶಿಬೀಳುತ್ತವೆ. ರಕ್ತ ಮರಳಿ ಆಮ್ಲಜನಕ ಬಂದೊಡನೆ, ಮೆಕಾರ್ಡ್ ಹಿಂದೆ ಪರಿಶೀಲಿಸುತ್ತಿದ್ದ ಅದೇ ಕ್ಸಾಂಥೀನ್ ಆಕ್ಸಿಡೇಸ್ ಆ ರಾಶಿಯನ್ನು ಬಳಸಿಕೊಂಡು ಸೂಪರ್‌ಆಕ್ಸೈಡನ್ನು ಉಕ್ಕಿಸುತ್ತದೆ. ಹಾನಿಯ ವಾಸನೆ ಹಿಡಿದು ಬರುವ ಬಿಳಿ ರಕ್ತಕಣಗಳೂ ಸೇರಿಕೊಳ್ಳುತ್ತವೆ. ರೋಗಾಣುಗಳನ್ನು ಕೊಲ್ಲಲು ಅವು ಬಳಸುವ ಆಯುಧವೇ ಸೂಪರ್‌ಆಕ್ಸೈಡ್. ಇಲ್ಲಿ ರೋಗಾಣು ಇಲ್ಲ, ಆದರೂ ಆಯುಧ ಹೊರಬರುತ್ತದೆ. ರಕ್ತನಾಳದ ಒಳಪದರ ಕಿತ್ತುಹೋಗಿ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. 1991ರಲ್ಲಿ ಮ್ಯಾನ್ಸನ್ ಮತ್ತು ಸಂಗಡಿಗರು ಮೊಲದ ಕಿವಿಗೆ ಹಿಮಕಡಿತ ಉಂಟುಮಾಡಿ ಎಸ್‌ಒಡಿ ಕೊಟ್ಟಾಗ ಕಿವಿಯ ಹೆಚ್ಚು ಭಾಗ ಉಳಿಯಿತು. ಹಿಮಕಡಿತದಲ್ಲೂ ರ‍್ಯಾಡಿಕಲ್‌ಗಳ ಕೈವಾಡವಿದೆ ಎಂಬುದಕ್ಕೆ ನೇರ ಸಾಕ್ಷಿ ಸಿಕ್ಕಿತು.

ಇನ್ನೊಂದು ಪ್ರಶ್ನೆ ಬಾಕಿಯಿತ್ತು. ಇದೆಲ್ಲ ರಕ್ತ ನಿಂತು ಹರಿಯುವುದರಿಂದ ಆಗುವ ಹಾನಿ. ಚಳಿ ತಾನಾಗಿಯೇ, ರಕ್ತದ ಮಾತೇ ಇಲ್ಲದೆ, ರ‍್ಯಾಡಿಕಲ್‌ಗಳನ್ನು ಹುಟ್ಟಿಸಬಲ್ಲದೇ? ಜೀವಕ್ರಿಯೆಗಳೆಲ್ಲ ಚಳಿಯಲ್ಲಿ ನಿಧಾನವಾಗುತ್ತವೆ, ರ‍್ಯಾಡಿಕಲ್‌ಗಳೂ ಕಡಿಮೆಯಾಗಬೇಕಲ್ಲ ಎಂಬುದು ಸಹಜ ತರ್ಕ. ಜರ್ಮನಿಯ ಎಸೆನ್‌ನಲ್ಲಿ ಉರ್ಸುಲಾ ರೌವೆನ್ ಮತ್ತು ಹರ್ಬರ್ಟ್ ಡಿ ಗ್ರೂಟ್ ಯಕೃತ್ತಿನ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಫ್ರಿಜ್ಜಿನಷ್ಟು ತಣ್ಣಗಿಟ್ಟು, ಮತ್ತೆ ಬಿಸಿ ಮಾಡಿದರು. ಜೀವಕೋಶಗಳು ಸತ್ತವು. ಅವರ 1999ರ ವರದಿ ಮತ್ತು ಮುಂದಿನ ಕೆಲಸದಿಂದ ತಿಳಿದದ್ದು: ಚಳಿಯಲ್ಲಿ ಜೀವಕೋಶದೊಳಗೆ ಬಂಧನದಲ್ಲಿದ್ದ ಕಬ್ಬಿಣ ಸಡಿಲವಾಗುತ್ತದೆ. ಸಡಿಲ ಕಬ್ಬಿಣ, ಹೈಡ್ರೋಜನ್ ಪೆರಾಕ್ಸೈಡ್, ಇವೆರಡು ಸೇರಿದರೆ ಫೆಂಟನ್ ಕಂಡ ಆ ಹಳೆಯ ಕ್ರಿಯೆ. ಕಬ್ಬಿಣವನ್ನು ಹಿಡಿದಿಡುವ ಡೆಫರಾಕ್ಸಮೈನ್ ಎಂಬ ಔಷಧ ಮೊದಲೇ ಹಾಕಿದ್ದರೆ ಜೀವಕೋಶಗಳು ಬದುಕುತ್ತಿದ್ದವು. ಒಬ್ಬರಿಂದ ಇನ್ನೊಬ್ಬರಿಗೆ ಜೋಡಿಸುವ ಮೂತ್ರಪಿಂಡ, ಯಕೃತ್ತುಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಾಗಿಸುವವರಿಗೆ ಇದು ತೀರ ಮುಖ್ಯ ವಿಷಯ. ಅಂಗಗಳನ್ನು ಮುಳುಗಿಸಿಡಲು 1980ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬೆಲ್ಜರ್ ಮತ್ತು ಸದರ್ಡ್ ರೂಪಿಸಿದ ದ್ರಾವಣದಲ್ಲಿ ಗ್ಲುಟಾಥಯೋನ್, ಅಲೊಪ್ಯುರಿನಾಲ್ ಇರುವುದೂ ಈ ಕಾರಣಕ್ಕೇ. ಮೊದಲನೆಯದು ರ‍್ಯಾಡಿಕಲ್‌ಗಳನ್ನು ತಣಿಸುತ್ತದೆ, ಎರಡನೆಯದು ಕ್ಸಾಂಥೀನ್ ಆಕ್ಸಿಡೇಸನ್ನು ತಡೆಯುತ್ತದೆ.

ಈಗ ನಮ್ಮ ಹೊಲಕ್ಕೆ ಬರೋಣ.

ಹುಣಸೂರು, ಪಿರಿಯಾಪಟ್ಟಣ ಎಂದರೆ ತಂಬಾಕು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಲ್ಲೆಲ್ಲೂ ತಂಬಾಕು ಮಂಡಳಿಯ ಹರಾಜು ಕಟ್ಟೆಗಳು. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರಿನ ಮೊದಲ ಮಳೆಗೆ ನಾಟಿ, ಆಮೇಲೆ ಬ್ಯಾರನ್ನುಗಳಲ್ಲಿ ಸೌದೆ ಉರಿದು ಸೊಪ್ಪು ಹದವಾಗುವ ವಾಸನೆ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೂ ಇದೆ. ಈ ಸೊಪ್ಪು ಮನುಷ್ಯನ ಶ್ವಾಸಕೋಶಕ್ಕೆ ಮಾಡುವ ಹಾನಿ ಎಲ್ಲರಿಗೂ ಗೊತ್ತು. ಅದರ ಹೊಗೆಯೂ ರ‍್ಯಾಡಿಕಲ್‌ಗಳಿಂದಲೇ ತುಂಬಿದೆ. ಆದರೆ ಇದೇ ಗಿಡ ಜೀವವಿಜ್ಞಾನಿಗಳಿಗೆ ದಶಕಗಳಿಂದ ಅಚ್ಚುಮೆಚ್ಚು. ವಿಸ್ಕಾನ್ಸಿನ್ನಿನಲ್ಲೇ 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ತಂಬಾಕಿನ ಅಂಗಾಂಶ ಬೆಳೆಸಲು ಒಂದು ಪೋಷಕ ದ್ರಾವಣ ರೂಪಿಸಿದರು. ಇಂದು ಕೆ.ಆರ್. ನಗರದ ರೈತರು ತಂದು ನೆಡುವ ಟಿಶ್ಯೂ ಕಲ್ಚರ್ ಬಾಳೆಯಂಥ ಸಸಿಗಳೂ ಹೆಚ್ಚಾಗಿ ಆ ದ್ರಾವಣದ ಮೇಲೇ ಹುಟ್ಟುವಂಥವು. 1980ರ ದಶಕದಲ್ಲಿ ಗಿಡಕ್ಕೆ ಬೇರೆ ಜೀವಿಯ ಜೀನ್ ಸೇರಿಸುವ ವಿದ್ಯೆ ಕೈಗೂಡಿದಾಗಲೂ ಮೊದಲು ಒಲಿದ ಗಿಡಗಳಲ್ಲಿ ತಂಬಾಕು ಒಂದು. ಎಲೆಯ ಚೂರೊಂದರಿಂದ ಇಡೀ ಗಿಡ ಎಬ್ಬಿಸಬಹುದು.

ಗಿಡಕ್ಕೂ ಚಳಿಯ ಪೆಟ್ಟಿದೆ. ಬಾಳೆ, ಶುಂಠಿ, ಮುಸುಕಿನ ಜೋಳ, ತಂಬಾಕು ಇವೆಲ್ಲ ಬಿಸಿ ಸೀಮೆಯ ಬೆಳೆಗಳು. ಹೆಪ್ಪುಗಟ್ಟುವ ಚಳಿ ಬೇಕಾಗಿಲ್ಲ, ಹತ್ತು ಡಿಗ್ರಿಯ ಸುತ್ತಮುತ್ತಲೇ ಅವು ನಲುಗುತ್ತವೆ. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುವುದು ಮನೆಮನೆಯಲ್ಲಿ ಗೊತ್ತಿರುವ ವಿಷಯ. ತಣ್ಣನೆಯ ಗೋದಾಮಿನಲ್ಲಿ ಚೆನ್ನಾಗಿಯೇ ಕಂಡ ಹಣ್ಣು ಹೊರಗೆ ತಂದ ಮೇಲೆ ಕೆಡುವುದು ವ್ಯಾಪಾರಿಗಳಿಗೆ ಗೊತ್ತು. ಐಲೌ ಸೈನಿಕರ ಕಾಲಿನ ಹಾಗೆ ಇಲ್ಲೂ ಪೆಟ್ಟು ಕಾಣುವುದು ಬೆಚ್ಚಗಾದ ಮೇಲೆ.

ಎಲೆಯಲ್ಲಿ ಇನ್ನೊಂದು ತೊಡಕಿದೆ. ಚಳಿಯ ರಾತ್ರಿಯ ನಂತರ ಸೂರ್ಯ ಹುಟ್ಟಿದಾಗ, ಬೆಳಕನ್ನು ಹೀರುವ ಕೆಲಸಕ್ಕೆ ಚಳಿಯ ಅಡ್ಡಿಯಿಲ್ಲ. ಆದರೆ ಹೀರಿದ ಶಕ್ತಿಯಿಂದ ಸಕ್ಕರೆ ಮಾಡುವ ಕಿಣ್ವಗಳು ಚಳಿಗೆ ಮಂದವಾಗಿರುತ್ತವೆ. ಬಂದ ಎಲೆಕ್ಟ್ರಾನುಗಳಿಗೆ ಹೋಗಲು ಜಾಗವಿಲ್ಲದೆ ಪಕ್ಕದ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಅಲ್ಲಿ ಸೂಪರ್‌ಆಕ್ಸೈಡ್ ಹುಟ್ಟುತ್ತದೆ. ಹೀಗೊಂದು ಊಹೆಯಿತ್ತು. ಅದನ್ನು ಪರೀಕ್ಷಿಸುವ ನೇರ ದಾರಿ, ಎಲೆಗೆ ಹೆಚ್ಚುವರಿ ಎಸ್‌ಒಡಿ ಕೊಟ್ಟು ನೋಡುವುದು.

1990ರಲ್ಲಿ ಟೆಪ್ಪರ್‌ಮನ್ ಮತ್ತು ಡನ್ಸ್‌ಮುಯರ್ ಅದನ್ನು ಮಾಡಿದರು. ಪೆಟೂನಿಯಾ ಗಿಡದ ಎಸ್‌ಒಡಿ ಜೀನನ್ನು ಸೇರಿಸಿದರು. ಎಸ್‌ಒಡಿ ಹೆಚ್ಚಿತು, ಗಿಡದ ತಾಳಿಕೆ ಮಾತ್ರ ಹೆಚ್ಚಲಿಲ್ಲ. ಊಹೆಯೇ ಸುಳ್ಳೇನೋ ಎನ್ನಿಸಿತು. ಮೂರು ವರ್ಷದ ನಂತರ ಟೆಕ್ಸಸ್‌ನಲ್ಲಿ ಸೇನ್ ಗುಪ್ತಾ, ಆ್ಯಲನ್, ಹಾಲಡೇ ಮತ್ತು ಸಂಗಡಿಗರು ಬಟಾಣಿಯ ಎಸ್‌ಒಡಿ ಜೀನನ್ನು ತಂಬಾಕಿಗೆ ಸೇರಿಸಿದರು. ಹತ್ತು ಡಿಗ್ರಿ ಚಳಿಯಲ್ಲಿ, ಮಧ್ಯಮ ಬೆಳಕಿನಲ್ಲಿ ನಿಲ್ಲಿಸಿದಾಗ ಈ ಗಿಡಗಳ ದ್ಯುತಿಸಂಶ್ಲೇಷಣೆ ಸಾಮಾನ್ಯ ತಂಬಾಕಿಗಿಂತ ಸುಮಾರು ಶೇ 20ರಷ್ಟು ಹೆಚ್ಚಾಗಿ ಉಳಿದಿತ್ತು.

ಒಂದು ಕಡೆ ಸೋತದ್ದು ಇನ್ನೊಂದು ಕಡೆ ಗೆದ್ದದ್ದು ಹೇಗೆ? ಗೆದ್ದ ಗಿಡಗಳಲ್ಲಿ ಎಸ್‌ಒಡಿ ಜೊತೆಗೆ ಆಸ್ಕಾರ್ಬೇಟ್ ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವವೂ ತಾನಾಗಿಯೇ ಹೆಚ್ಚಿತ್ತು. ಎಸ್‌ಒಡಿ ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬದಲಿಸುತ್ತದೆ, ಅಷ್ಟಕ್ಕೇ ನಿಂತರೆ ಒಂದು ವಿಷ ಹೋಗಿ ಇನ್ನೊಂದು ವಿಷ ಬಂದಂತೆ. ಆ ಪೆರಾಕ್ಸೈಡನ್ನು ನೀರು ಮಾಡುವ ಎರಡನೆಯ ಕಿಣ್ವವೂ ಜೊತೆಗಿದ್ದರೆ ಮಾತ್ರ ಕಾಪು ಪೂರ್ತಿ. ಇದನ್ನು ತಂಬಾಕು ಕಲಿಸಿದ್ದು. ನೆಲ್ಲಿಕಾಯಿಯೋ ವಿಟಮಿನ್ ಮಾತ್ರೆಯೋ ನುಂಗಿದರೆ ರ‍್ಯಾಡಿಕಲ್‌ಗಳೆಲ್ಲ ಮಾಯ ಎಂದು ಜಾಹೀರಾತು ಹೇಳಿದಾಗ ನಾನು ನೆನೆಯುವುದು ಈ ಎರಡು ಪ್ರಯೋಗಗಳನ್ನು. ಸರಪಳಿಯ ಒಂದು ಕೊಂಡಿಯನ್ನು ಮಾತ್ರ ಗಟ್ಟಿ ಮಾಡಿದರೆ ಪ್ರಯೋಜನವಾಗುತ್ತದೆಂಬ ಖಾತ್ರಿಯಿಲ್ಲ.

1994ರಲ್ಲಿ ಅಮೆರಿಕದ ಅಯೋವಾದಲ್ಲಿ ಟಿ.ಕೆ. ಪ್ರಸಾದ್ ಮತ್ತು ಸಂಗಡಿಗರು ಮುಸುಕಿನ ಜೋಳದ ಮೊಳಕೆಗಳ ಮೇಲೆ ಮಾಡಿದ ಕೆಲಸ ಇದನ್ನು ಇನ್ನೊಂದು ಮಟ್ಟಕ್ಕೆ ಒಯ್ದಿತು. 27 ಡಿಗ್ರಿಯಲ್ಲಿ ಬೆಳೆದ ಮೊಳಕೆಗಳನ್ನು ಏಕಾಏಕಿ ನಾಲ್ಕು ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಸತ್ತವು. ನಡುವೆ ಮೂರು ದಿನ 14 ಡಿಗ್ರಿಯಲ್ಲಿ ಇಟ್ಟು ಆಮೇಲೆ ನಾಲ್ಕಕ್ಕೆ ಇಳಿಸಿದರೆ ಬದುಕಿದವು. ಆ ಮೂರು ದಿನದಲ್ಲಿ ಏನಾಗುತ್ತದೆ ಎಂದು ಹುಡುಕಿದಾಗ ಕಂಡದ್ದು ಅನಿರೀಕ್ಷಿತ. ಮೊಳಕೆಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಏರುತ್ತದೆ, ಆ ಏರಿಕೆಯೇ ಕಾಪಿನ ಕಿಣ್ವಗಳನ್ನು ಎಚ್ಚರಿಸುತ್ತದೆ. 14 ಡಿಗ್ರಿಯ ದಿನಗಳನ್ನು ಬಿಟ್ಟು, ಬರಿಯ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿ ನಾಲ್ಕು ಡಿಗ್ರಿಗೆ ಇಳಿಸಿದರೂ ಮೊಳಕೆಗಳು ಚಳಿಯನ್ನು ತಾಳಿದವು. ಹೆಚ್ಚಾದರೆ ಕೊಲ್ಲುವ ವಸ್ತು, ಹದವಾಗಿ ಬಂದರೆ ಮುನ್ಸೂಚನೆ.

ನಮ್ಮ ರಕ್ಷಣಾ ಪ್ರಯೋಗಾಲಯಗಳ ವಿಜ್ಞಾನಿಗಳು ಈ ವಿಷಯವನ್ನು ಮನುಷ್ಯರ ಕಡೆಯಿಂದ ನೋಡುತ್ತಿದ್ದಾರೆ. 1984ರ ಏಪ್ರಿಲ್ 13ರಂದು ಸೇನೆ ಸಿಯಾಚಿನ್ ಏರಿದಾಗಿನಿಂದ ಅಲ್ಲಿ ಗುಂಡಿಗಿಂತ ಹವೆಗೆ ಬಲಿಯಾದವರೇ ಹೆಚ್ಚು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಲ್ಲಿ ಆರಂಭವಾದದ್ದೇ ಇಂಥ ಕಠಿಣ ಜಾಗಗಳ ಯೋಧರಿಗೆ ಊಟ ಒದಗಿಸುವ ಉದ್ದೇಶದಿಂದ. ದೆಹಲಿಯ ರಕ್ಷಣಾ ಶರೀರಕ್ರಿಯಾ ಸಂಸ್ಥೆಯ ಪ್ರಯೋಗಗಳಲ್ಲಿ ಇಲಿಗಳನ್ನು ಐದು ಡಿಗ್ರಿ ಚಳಿ, ತೆಳು ಗಾಳಿ, ಅಲುಗಾಡಲಾಗದ ಬಂಧನ ಮೂರಕ್ಕೂ ಒಟ್ಟಿಗೆ ಒಡ್ಡುತ್ತಾರೆ. ಮೈ 37ರಿಂದ 23 ಡಿಗ್ರಿಗೆ ಇಳಿಯಲು ಎಷ್ಟು ಹೊತ್ತು, ಮತ್ತೆ 37ಕ್ಕೆ ಏರಲು ಎಷ್ಟು ಹೊತ್ತು ಎಂದು ಅಳೆಯುತ್ತಾರೆ. ಲಡಾಖಿನ ಸೀಬಕ್‌ಥಾರ್ನ್ ಎಂಬ ಮುಳ್ಳುಪೊದೆಯ ಎಲೆಯ ಸಾರ ಕೊಟ್ಟ ಇಲಿಗಳು ಚಳಿಯನ್ನು ಹೆಚ್ಚು ಹೊತ್ತು ತಾಳಿ ಬೇಗ ಚೇತರಿಸಿಕೊಂಡವು. ಅವರ ಅಳತೆಯಲ್ಲಿ ಇಳಿಯುವ ಹೊತ್ತಿನಷ್ಟೇ ಏರುವ ಹೊತ್ತಿಗೂ ಬೆಲೆಯಿರುವುದು ನನಗೆ ಮೆಚ್ಚುಗೆಯಾದ ಸಂಗತಿ. ಆದರೆ ಇಲಿಗೆ ನೆರವಾದದ್ದು ಯೋಧನ ಬೆರಳನ್ನು ಉಳಿಸುತ್ತದೆ ಎಂದು ಹೇಳಲು ಇನ್ನೂ ಆಧಾರವಿಲ್ಲ. ಮೊಲದ ಕಿವಿಯಲ್ಲಿ ಗೆದ್ದ ಎಸ್‌ಒಡಿ ಕೂಡ ಹಿಮಕಡಿತಕ್ಕೆ ಆಸ್ಪತ್ರೆಯ ಔಷಧವಾಗಲಿಲ್ಲ.

ಆಸ್ಪತ್ರೆಯಲ್ಲಿ ಗೆದ್ದದ್ದು ಸರಪಳಿಯ ಕೊನೆಯ ಕೊಂಡಿಯನ್ನು ಹಿಡಿದ ಔಷಧಗಳು. ರಕ್ತ ಮರಳಿದ ಮೇಲೆ ನಾಳಗಳು ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಆಲ್ಪ್ಸ್ ತಪ್ಪಲಿನ ಶಾಮೊನಿಯ ವೈದ್ಯ ಎಮಾನ್ಯುಯೆಲ್ ಕೋಶಿ ಮತ್ತು ಸಂಗಡಿಗರು 47 ಮಂದಿ ತೀವ್ರ ಹಿಮಕಡಿತದ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಹೊರಬಂತು. ಐಲೊಪ್ರಾಸ್ಟ್ ಎಂಬ ಔಷಧ ಪಡೆದ ಗುಂಪಿನಲ್ಲಿ ಯಾರ ಬೆರಳನ್ನೂ ಕತ್ತರಿಸುವ ಅಗತ್ಯ ಬೀಳಲಿಲ್ಲ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತೀವ್ರ ಹಿಮಕಡಿತಕ್ಕೆ ಅದನ್ನು ಒಪ್ಪಿತು. ನಾಳದ ಹೆಪ್ಪನ್ನು ಕರಗಿಸುವ ಇನ್ನೊಂದು ಬಗೆಯ ಔಷಧವನ್ನೂ ಕೊಡುತ್ತಾರೆ, ಅದಕ್ಕೆ ಇಪ್ಪತ್ತನಾಲ್ಕು ಗಂಟೆಯ ಗಡುವು. ಹೆಲಿಕಾಪ್ಟರ್ ಹಾರಲು ಹವೆ ತಿಳಿಯಾಗುವುದನ್ನೇ ಕಾಯಬೇಕಾದ ಠಾಣೆಗಳಲ್ಲಿ ಈ ಗಡುವು ಬಹಳ ಬಿಗಿ. ಗಡುವನ್ನು ಎಣಿಸುವುದು ಬೆರಳು ಹೆಪ್ಪುಗಟ್ಟಿದ ಗಂಟೆಯಿಂದಲ್ಲ, ಕರಗಿದ ಗಂಟೆಯಿಂದ.